ನಾಲ್ಕರಲ್ಲಿ ಮೂರು ತಪ್ಪು

ಪರೀಕ್ಷಾ ಕೇಂದ್ರದ ಗೇಟಿನ ಎದುರು ನಿಂತು ಹೆಂಡತಿ ಚೀಲದಿಂದ ಎರಡು ಪೆನ್ನು ತೆಗೆದು, ಅಂಗೈ ಮೇಲೆ ಗೀಚಿ ನೋಡಿ, "ಏನಾದ್ರೂ ಹೇಳಿ," ಅಂದಾಗ ಅವನ ಗಂಟಲಿನವರೆಗೆ ಬಂದದ್ದು ಒಂದು, ಬಾಯಿಂದ ಹೊರಟದ್ದು ಇನ್ನೊಂದು. "ಪ್ರಶ್ನೆ ಪೂರ್ತಿ ಓದು," ಅಂದ. ಇಷ್ಟನ್ನು ಹೇಳಲು ಗಣಿತದಲ್ಲಿ ದೊಡ್ಡ ಪದವಿ ಬೇಕಿರಲಿಲ್ಲ. ಗೇಟಿನ ಕಾವಲುಗಾರನೂ ಒಳಗೆ ಹೋಗುವವರಿಗೆಲ್ಲ ಅದನ್ನೇ ಹೇಳುತ್ತಿದ್ದ, ಮೇಲಾಗಿ "ಹೆದರ್ಬೇಡಿ" ಎಂಬ ಮಾತನ್ನೂ ಸೇರಿಸುತ್ತಿದ್ದ. ಅವಳು ತಲೆಯಾಡಿಸಿ ಸಾಲಿಗೆ ಸೇರಿಕೊಂಡಳು. ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರ ನಡುವೆ ಮೂವತ್ತೊಂಬತ್ತರ ಅವಳು ಬೇರೆ ಯಾರದೋ ಮದುವೆಗೆ ತಪ್ಪಿ ಬಂದವಳ ಹಾಗೆ ಹಾಲ್ ಟಿಕೆಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಒಳಗೆ ಹೋಗುವ ಮೊದಲು ಒಮ್ಮೆ ತಿರುಗಿ ನೋಡಿದಳು. ಅವನು ಕೈಬೀಸಲು ಕೈ ಎತ್ತಿದವನು, ಯಾರಾದರೂ ಗುರುತಿಸಿಬಿಟ್ಟರೆ ಎಂದು ದಿಗಿಲಾಗಿ, ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

ಗೇಟಿನ ಎದುರಿಗಿದ್ದ ಚಹಾದಂಗಡಿಯ ಬೆಂಚಿನ ಮೇಲೆ ಕೂತ. ಗುರುತಿಸಲು ಅಲ್ಲಿ ಯಾರೂ ಇರಲಿಲ್ಲ ನಿಜ. ಇವತ್ತಿನ ಗಣಿತದ ಪ್ರಶ್ನೆಗಳಲ್ಲಿ ಅರ್ಧದಷ್ಟು ಬರೆದ ಮನುಷ್ಯ ಇವನೇ ಎಂದು ಹಣೆಯ ಮೇಲೆ ಬರೆದಿರಲಿಲ್ಲ. ಆದರೂ ಎದುರು ಕುಳಿತವರೆಲ್ಲ ತನ್ನ ಹಣೆಯನ್ನೇ ಓದುತ್ತಿದ್ದಾರೆ ಅನಿಸಿ ಕರವಸ್ತ್ರದಿಂದ ಒರೆಸಿಕೊಂಡ. ಪ್ರಶ್ನೆ ಬರೆಯುವುದು ದೊಡ್ಡ ವಿದ್ಯೆಯೇನಲ್ಲ, ಅದು ಯಾರಿಗಾದರೂ ಬರುತ್ತದೆ. ಸರಿಯುತ್ತರ ಬರೆಯುವುದು ಇನ್ನೂ ಸುಲಭ, ಅದು ಒಂದೇ ಇರುತ್ತದೆ. ಕಷ್ಟವೆಲ್ಲ ಉಳಿದ ಮೂರರದ್ದು. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ ಕೊಡಬೇಕು, ಮೂರು ತಪ್ಪಿರಬೇಕು, ತಪ್ಪೆಂದು ಕಾಣಬಾರದು. ಅವನ ಕಚೇರಿಯಲ್ಲಿ ಈ ತಪ್ಪುತ್ತರಗಳಿಗೆ ಗಾಳ ಎಂದು ಹೆಸರು. ಪರೀಕ್ಷೆ ಮುಗಿದ ಮೇಲೆ ಕಂಪ್ಯೂಟರು ಯಾವ ಗಾಳಕ್ಕೆ ಎಷ್ಟು ಜನ ಬಿದ್ದರು ಎಂದು ಪಟ್ಟಿ ಕೊಡುತ್ತದೆ. ಯಾರೂ ಬೀಳದ ಗಾಳವನ್ನು ಸತ್ತ ಗಾಳ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನವೆಲ್ಲ ಸತ್ತ ಗಾಳಗಳೇ ಆಗಿದ್ದವು. ಬುದ್ಧಿವಂತನಿಗೆ ತಪ್ಪು ಮಾಡಲು ಬರುವುದಿಲ್ಲ ಎಂದು ಆಗ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುತ್ತಿದ್ದ. ಹಾಗೆ ಸಮಾಧಾನ ಮಾಡಿಕೊಂಡದ್ದೇ ದೊಡ್ಡ ತಪ್ಪು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಆ ದಿನಗಳಲ್ಲಿ ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಒಣಗಿದ ಹೊದಿಕೆ ಮಡಚುತ್ತಿದ್ದರು. ಹೊದಿಕೆ ಮಡಚಲು ಇಬ್ಬರು ಬೇಕು. ಆ ಮನೆಯಲ್ಲಿ ಇಬ್ಬರೂ ಎದುರುಬದುರು ನಿಂತು ಮಾಡುವ ಕೆಲಸ ಅದೊಂದೇ ಉಳಿದಿತ್ತು. ಅವಳ ಕೈಯಲ್ಲಿ ಎರಡು ತುದಿ, ಅವನ ಕೈಯಲ್ಲಿ ಎರಡು ತುದಿ. ಮಾತಿಗೆ ಏನೂ ತೋಚದೆ, ತಲೆಯಲ್ಲಿ ಅದೇ ಸುತ್ತುತ್ತಿದ್ದುದರಿಂದ ಕೇಳಿದ: ಆರು ಜನ ಒಂದು ಕೆಲಸವನ್ನು ಹನ್ನೆರಡು ದಿನದಲ್ಲಿ ಮಾಡಿದರೆ, ಎಂಟು ಜನ ಎಷ್ಟು ದಿನದಲ್ಲಿ ಮಾಡುತ್ತಾರೆ? ಅವಳು ಒಂದು ಕ್ಷಣ ಗೋಡೆ ನೋಡಿ, "ಹದಿನಾರು," ಅಂದಳು. ಅವನು ನಗಲಿಲ್ಲ. ನಕ್ಕಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. "ಯಾಕೆ?" ಅಂದ. "ಯಾಕೆ ಅಂದ್ರೆ? ಜನ ಹೆಚ್ಚಾದ್ರೆ ಮಾತು ಹೆಚ್ಚು. ನಿಮ್ಮ ಅಕ್ಕಂದಿರೆಲ್ಲ ಬಂದಾಗ ಅಡುಗೆ ಎಷ್ಟೊತ್ತಿಗಾಯ್ತು ನೆನಪಿಲ್ವಾ?" ಅವನ ಕೈಯಿಂದ ಹೊದಿಕೆಯ ತುದಿ ಜಾರಿತು. ಹದಿನಾರು! ಮೂರು ದಿನದಿಂದ ಕೂತು ಹದಿನೈದು, ಹದಿಮೂರು ಎಂದು ಜೀವವಿಲ್ಲದ ಅಂಕಿಗಳನ್ನು ಹೆಣೆಯುತ್ತಿದ್ದವನಿಗೆ ಇದು ಹಳ್ಳದ ನೀರಿನ ಹಾಗೆ ತಾನೇ ಹರಿದು ಬಂದ ತಪ್ಪು. ಮರುದಿನ ಅದು ಎರಡನೆಯ ಆಯ್ಕೆಯಾಗಿ ಕೂತಿತು. ಆ ವರ್ಷ ನೂರರಲ್ಲಿ ನಲವತ್ತು ಜನ ಹದಿನಾರಕ್ಕೆ ಬಿದ್ದರು.

ಆಮೇಲೆ ಅದು ಅಭ್ಯಾಸವಾಯಿತು. ಅವಳು ಈರುಳ್ಳಿ ಸುಲಿಯುವಾಗ ಒಂದು, ಬೀಗದ ಕೈ ಹುಡುಕುವಾಗ ಒಂದು, ಜ್ವರದಲ್ಲಿ ಮಲಗಿದ್ದಾಗಲೂ ಒಂದು. ಚೀಲದಲ್ಲಿ ಮೂರು ಕೆಂಪು, ಐದು ನೀಲಿ ಚೆಂಡು. ಮೊದಲು ತೆಗೆದದ್ದನ್ನು ವಾಪಸ್ ಹಾಕದೆ ಇನ್ನೊಂದು ತೆಗೆದರೆ ಎರಡೂ ಕೆಂಪಾಗುವ ಸಂಭವ ಎಷ್ಟು? ಅವಳು ಬೆರಳು ಮಡಚಿ ಎಣಿಸಿ, ಅರವತ್ನಾಲ್ಕರಲ್ಲಿ ಒಂಬತ್ತು ಅಂದಳು. ಅಂದರೆ ತೆಗೆದ ಚೆಂಡನ್ನು ಮನಸ್ಸಿನಲ್ಲೇ ವಾಪಸ್ ಹಾಕಿದ್ದಳು. "ಹಾಕಬಾರದು ಅಂತ ಇದೆಯಲ್ಲ," ಅಂದರೆ, "ಯಾರದೋ ಚೀಲ. ತೆಗೆದದ್ದು ಅಲ್ಲೇ ಇಡೋದು ಬೇಡ್ವಾ?" ಅಂದಳು. ಅಂಗಡಿಯವನು ಬೆಲೆಯನ್ನು ನೂರಕ್ಕೆ ಇಪ್ಪತ್ತು ಏರಿಸಿ ಆಮೇಲೆ ನೂರಕ್ಕೆ ಇಪ್ಪತ್ತು ಇಳಿಸಿದರೆ ಅವಳ ಪಾಲಿಗೆ ಬೆಲೆ ಮೊದಲಿನಷ್ಟೇ. ಕೊಟ್ಟ ಮಾತಿನಿಂದ ಹಿಂದೆ ಸರಿದರೆ ಮನುಷ್ಯ ಮೊದಲು ಇದ್ದಲ್ಲೇ ಇರುತ್ತಾನೆ ಎಂದು ನಂಬುವವಳು ಅವಳು. ಅಪರೂಪಕ್ಕೆ ಸರಿಯುತ್ತರ ಹೇಳಿದರೆ ಅವನು "ಹೂಂ" ಎಂದು ಪೇಪರಿಗೆ ಮರಳುತ್ತಿದ್ದ. ತಪ್ಪು ಹೇಳಿದರೆ ಕುರ್ಚಿ ಎಳೆದುಕೊಂಡು ಕೂತು, ಯಾಕೆ, ಹೇಗೆ ಎಂದು ಅಕ್ಕರೆಯಿಂದ ಬಿಡಿಸಿ ಬಿಡಿಸಿ ಕೇಳುತ್ತಿದ್ದ. ಪಕ್ಕದ ಮನೆಯಾಕೆ ಒಮ್ಮೆ ಕಿಟಕಿಯಿಂದ ಇದನ್ನು ಕಂಡು, ನಿಮ್ಮ ಯಜಮಾನರು ನಿಮ್ಮ ಜೊತೆ ಎಷ್ಟು ಮಾತಾಡ್ತಾರೆ, ನಮ್ಮವರಿಗೆ ಟಿವಿ ಒಂದಿದ್ರೆ ಸಾಕು, ಅಂದಿದ್ದಳಂತೆ. ಹೆಂಡತಿ ಅದನ್ನು ಅವನಿಗೆ ಹೇಳುವಾಗ ಸ್ವಲ್ಪ ಹೆಮ್ಮೆಪಟ್ಟುಕೊಂಡಿದ್ದಳು. ಅವನೂ ಹೆಮ್ಮೆಪಟ್ಟ, ಆದರೆ ಬೇರೆ ಕಾರಣಕ್ಕೆ. ಅದೇ ವಾರ ವಿಭಾಗದ ಮುಖ್ಯಸ್ಥೆ ಕಂಪ್ಯೂಟರಿನ ಪಟ್ಟಿ ನೋಡಿ, "ನಿಮ್ಮ ತಪ್ಪುಗಳಲ್ಲಿ ಜೀವ ಇದೆ ರೀ. ಎಲ್ಲಿಂದ ತರ್ತೀರಿ?" ಎಂದು ಎಲ್ಲರೆದುರು ಕೇಳಿದ್ದರು. "ಅನುಭವ ಮೇಡಂ," ಅಂದಿದ್ದ. ಹನ್ನೊಂದು ವರ್ಷದ ಸಂಸಾರಕ್ಕೆ ಅವನು ಕೊಟ್ಟ ಹೆಸರು ಅದು.

ಇದೆಲ್ಲ ಹೀಗೇ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಊಟದ ಮೇಜಿನ ಮೇಲೆ ಹಾಲ್ ಟಿಕೆಟ್ ಬಂದು ಕೂತಿತು. ಸಾರ್ವಜನಿಕ ಗ್ರಂಥಾಲಯದ ಸಹಾಯಕರ ಹುದ್ದೆ. ಅವನಿಗೆ ಹೇಳದೆ ತಂಗಿಯ ಕೈಲಿ ಅರ್ಜಿ ಹಾಕಿಸಿದ್ದಳು. ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ, ಇದು ತಪ್ಪಿದರೆ ಇನ್ನು ಯಾವ ಪರೀಕ್ಷೆಗೂ ಅವಳು ಕೂರುವಂತಿಲ್ಲ. "ಯಾಕೆ ಈ ಕೆಲಸಾನೇ?" ಎಂದು ಕೇಳಿದ್ದಕ್ಕೆ, "ಅಲ್ಲಿ ಯಾರೂ ಯಾರನ್ನೂ ಏನೂ ಕೇಳಲ್ಲ. ಸುಮ್ನಿರಿ ಅಂತ ಬೋರ್ಡೇ ಇರತ್ತೆ," ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ. ಆ ಪರೀಕ್ಷೆಯ ಪ್ರಶ್ನೆಗಳನ್ನು ಅವನು ಎರಡು ತಿಂಗಳ ಹಿಂದೆಯೇ ಬರೆದು, ಲಕೋಟೆಗೆ ಅರಗು ಹಾಕಿಸಿ, ನನ್ನ ಹತ್ತಿರದ ಬಂಧುಗಳು ಯಾರೂ ಈ ಪರೀಕ್ಷೆಗೆ ಕೂರುತ್ತಿಲ್ಲ ಎಂಬುದರ ಕೆಳಗೆ ಸಹಿ ಹಾಕಿ ಕೊಟ್ಟಿದ್ದ. ಹದಿನಾರು ದಿನ ಅದರಲ್ಲಿತ್ತು. ಒಳ್ಳೆಯ ಗಾಳವನ್ನು ಐದಾರು ವರ್ಷ ಬಿಟ್ಟು ಮತ್ತೆ ಹಾಕುವುದು ಕಚೇರಿಯ ರೂಢಿ. ಅರವತ್ನಾಲ್ಕರಲ್ಲಿ ಒಂಬತ್ತೂ ಇತ್ತು. ಹೊಸವೂ ಇದ್ದವು, ಎಲ್ಲವೂ ಅವಳವೇ.

ಆಗ ಸುಮ್ಮನೆ ಮುಖ್ಯಸ್ಥೆಯ ಕೋಣೆಗೆ ಹೋಗಿ, ನನ್ನ ಹೆಂಡತಿ ಪರೀಕ್ಷೆಗೆ ಕೂರುತ್ತಿದ್ದಾಳೆ ಅಂದಿದ್ದರೆ ಮುಗಿಯುತ್ತಿತ್ತು. ಅವನ ಪ್ರಶ್ನೆಗಳನ್ನು ತೆಗೆದು ಬೇರೆಯವರದನ್ನು ಹಾಕುತ್ತಿದ್ದರು, ಅವಳಿಗೆ ಎಲ್ಲರಂತೆ ಒಂದು ಪೇಪರು ಸಿಗುತ್ತಿತ್ತು. ಎರಡು ಸಲ ಹೋದ. ಒಂದು ಸಲ ಅವರು ಫೋನಿನಲ್ಲಿದ್ದರು. ಇನ್ನೊಂದು ಸಲ ಫೋನಿನಲ್ಲಿರಲಿಲ್ಲ, ಆದರೆ ಉಪಮುಖ್ಯಸ್ಥನ ಹುದ್ದೆಗೆ ನಿಮ್ಮ ಹೆಸರು ಕಳಿಸಿದೀನಿ ಎಂದು ಅವರೇ ಮೊದಲು ಹೇಳಿಬಿಟ್ಟರು. ಅವನು "ಥ್ಯಾಂಕ್ಸ್ ಮೇಡಂ" ಎಂದು ಹೊರಗೆ ಬಂದು, ಮೆಟ್ಟಿಲಿನ ಮೇಲೆ ನಿಂತು ಧರ್ಮಶಾಸ್ತ್ರ ವಿಚಾರ ಮಾಡಿದ. ನಿಯಮ ಯಾಕಿದೆ? ಬಂಧುಗಳಿಗೆ ಅನುಕೂಲ ಆಗಬಾರದು ಎಂದು. ಇಲ್ಲಿ ಅನುಕೂಲ ಎಲ್ಲಿದೆ? ಅನನುಕೂಲವೇ ಆಗುತ್ತಿದೆ. ಗಂಡ ಹೆಂಡತಿಗೆ ಅನ್ಯಾಯ ಮಾಡಬಾರದೆಂದು ನಿಯಮಾವಳಿಯ ಯಾವ ಪುಟದಲ್ಲೂ ಇರಲಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಉಳಿದ ಹಾಗೆ ಅವನಿಗೆ ನಿರಾಳವಾಯಿತು. ಅಷ್ಟಕ್ಕೇ ನಿಲ್ಲದೆ ಪ್ರಾಮಾಣಿಕನೂ ಆದ. ಅವಳು ಪುಸ್ತಕ ಹಿಡಿದು ಬಂದು, "ಈ ಜನ-ದಿನದ ಲೆಕ್ಕ ಒಂದ್ಸಲ ಹೇಳಿಕೊಡಿ," ಅಂದಾಗ, ಬರೆದವನೇ ಹೇಳಿಕೊಟ್ಟರೆ ಅದು ಪೇಪರ್ ಸೋರಿಕೆಯಾಗುತ್ತದೆ ಎಂದು ಮನಸ್ಸಿನಲ್ಲಿ ತೀರ್ಮಾನಿಸಿ, "ಈಗ ಬೇಡ, ತಲೆನೋವು," ಅಂದ. ಅವಳು ತಲೆನೋವಿನ ಮುಲಾಮು ತಂದು ಹಚ್ಚಿದಳು. ಆಮೇಲೆ ಕೇಳಲಿಲ್ಲ. ಅಡುಗೆಮನೆಯ ದೀಪದಡಿ ತಂಗಿಯ ಜೊತೆ ಕೂತು ಓದಿಕೊಂಡಳು. ಅವರು ಏನು ಓದುತ್ತಿದ್ದಾರೆಂದು ಕೇಳಿಸಿಕೊಳ್ಳಬಾರದೆಂದು ಅವನು ಟಿವಿಯ ಸದ್ದು ಹೆಚ್ಚಿಸುತ್ತಿದ್ದ. ಅವನಷ್ಟು ಶುದ್ಧಹಸ್ತ ಆ ಕಚೇರಿಯಲ್ಲೇ ಇರಲಿಲ್ಲ.

"ನಿಮ್ಮವರು ಯಾರು ಬರೀತಿದಾರೆ?" ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಹಿರಿಯರೊಬ್ಬರು ಕೇಳಿದರು. ನಿವೃತ್ತ ಬಸ್ ಡ್ರೈವರ್ ಅಂತೆ, ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಅವನು "ಗೊತ್ತಿರೋರು" ಅಂದ. ಹೇಳಿ ಮುಗಿಸುವುದರೊಳಗೆ ನಾಚಿಕೆಯಾಯಿತು, ತಿದ್ದಿಕೊಳ್ಳುವುದರೊಳಗೆ ತಡವಾಗಿತ್ತು. ಡ್ರೈವರಿಗೆ ಅದರ ಗೊಡವೆ ಇರಲಿಲ್ಲ. "ನಮ್ಮ ಹುಡುಗಿ ಮನೇಲಿ ಕೂತು ಓದೋದು ಕೇಳಿಸ್ಕೋತಿದ್ದೆ. ಚೀಲದಲ್ಲಿ ಕೆಂಪು ಚೆಂಡು, ನೀಲಿ ಚೆಂಡು, ಯಾವುದು ಬರಬಹುದು ಅಂತೆ. ಇಣುಕಿ ನೋಡಿದ್ರೆ ಆಗಲ್ವಾ ಸ್ವಾಮಿ? ಇನ್ನೊಂದು, ಹೋಗ್ತಾ ಗಂಟೆಗೆ ನಲವತ್ತು, ಬರ್ತಾ ಅರವತ್ತಂತೆ. ಮೂವತ್ತು ವರ್ಷ ಬಸ್ ಓಡಿಸಿದೀನಿ, ಹಾಗೆ ಒಂದೇ ಸಮ ಓಡಿಸೋಕೆ ಯಾವ ರಸ್ತೆ ಬಿಡತ್ತೆ? ಈ ಪ್ರಶ್ನೆ ಬರೆಯೋರಿಗೆ ಮನೇಲಿ ಹೆಂಡತಿ ಮಕ್ಕಳು ಇರಲ್ವಾ ಅಂತ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಥಟ್ಟನೆ, "ಇರ್ತಾರೆ," ಅಂದ. ಡ್ರೈವರ್ ಅವನನ್ನೊಮ್ಮೆ ನೋಡಿ, "ಇದ್ರೂ ಪ್ರಯೋಜನ ಇಲ್ಲ ಬಿಡಿ," ಎಂದು ಚಹಾ ಕುಡಿದರು.

ಮೊದಲ ಗಂಟೆ ಹೊಡೆಯಿತು. ಈಗ ಗಣಿತದ ಭಾಗ ತೆರೆದಿರುತ್ತಾಳೆ. ಅವನಿಗೆ ಬೇಡವೆಂದರೂ ಲೆಕ್ಕ ಶುರುವಾಯಿತು. ಏನೂ ಓದದೆ, ಕಣ್ಣು ಮುಚ್ಚಿ ಗುರುತು ಹಾಕುವ ದಡ್ಡನಿಗೆ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ತಪ್ಪಿಗೆ ಕಾಲು ಅಂಕ ಕಳೆದರೂ ಕೈಯಲ್ಲಿ ಚೂರುಪಾರು ಉಳಿಯುತ್ತದೆ. ಕಣ್ಣು ತೆರೆದು, ಪ್ರಶ್ನೆ ಪೂರ್ತಿ ಓದಿ, ತನ್ನದೇ ತಲೆ ಉಪಯೋಗಿಸಿ ಲೆಕ್ಕ ಮಾಡುವ ಅವನ ಹೆಂಡತಿಗೆ ಅಷ್ಟೂ ಇಲ್ಲ. ಲೋಕದಲ್ಲಿ ಯೋಚನೆ ಮಾಡಿದ್ದಕ್ಕೇ ಸೋಲುವವಳು ಅವಳೊಬ್ಬಳೇ, ಯಾಕೆಂದರೆ ಅವಳ ಯೋಚನೆ ಹೋಗುವ ದಾರಿಯುದ್ದಕ್ಕೂ ಗುಂಡಿ ತೋಡಿಟ್ಟವನು ಜೊತೆಯಲ್ಲೇ ಮಲಗುತ್ತಾನೆ. ಎದ್ದು ಹೋಗಿ ಗೇಟು ಬಡಿಯಬೇಕು, ಪರೀಕ್ಷೆ ನಿಲ್ಲಿಸಿ ಅನ್ನಬೇಕು ಅನಿಸಿ ಎದ್ದೂ ನಿಂತ. ನಿಂತವನು ಇನ್ನೊಂದು ಚಹಾ ಹೇಳಿದ. ಆಗಲೇ, ಚಹಾದ ಲೋಟ ಕೈಗೆ ಬರುವ ಹೊತ್ತಿನಲ್ಲಿ, ಈ ಸಲ ಬೆಲೆ ಏರಿಸಿ ಇಳಿಸಿದ ಆ ಅಂಗಡಿಯವನ ಗಾಳಕ್ಕೆ ಎಷ್ಟು ಜನ ಬಿದ್ದಿರಬಹುದು, ನಲವತ್ತರ ಮೇಲೆ ಹೋದೀತೇ ಎಂಬ ಸಣ್ಣ ಕುತೂಹಲ ಒಳಗೆ ಬಾಲ ಅಲ್ಲಾಡಿಸಿತು. ಅವಳೂ ಬಿದ್ದರೆ ಲೆಕ್ಕ ಸರಿಹೋಗುತ್ತದೆ ಎಂದು ಅದೇ ಕುತೂಹಲ ಹೇಳಿದ್ದನ್ನು ಅವನು ಕೇಳಿಸಿಕೊಂಡ, ಕೇಳಿಸಲಿಲ್ಲ ಎಂದು ಚಹಾ ಊದಿಕೊಂಡ.

ಕೊನೆಯ ಗಂಟೆಯಾಗಿ ಹುಡುಗಿಯರು ಗುಂಪುಗುಂಪಾಗಿ ಹೊರಗೆ ಬಂದರು. ಡ್ರೈವರ್ ಸೊಸೆಯ ಚೀಲ ತಾವೇ ಹಿಡಿದುಕೊಂಡು ಹೋದರು. ಹೆಂಡತಿ ಬಂದಳು, ಅವನ ಮುಖ ನೋಡದೆ ಬಸ್ ನಿಲ್ದಾಣದ ಕಡೆಗೆ ನಡೆದಳು. ಅವನು ಹಿಂದೆ ಹಿಂದೆ ಹೋಗಿ, "ಹೇಗಿತ್ತು?" ಅಂದ.

"ಪರಿಚಯದವರೇ ಇದ್ರು ಒಳಗೆ," ಅಂದಳು.

"ಯಾರು?"

"ಹದಿನಾರು ದಿನ."

ಅವನು ನಿಂತುಬಿಟ್ಟ. ಅವಳು ನಿಲ್ಲಲಿಲ್ಲ, ಆದ್ದರಿಂದ ಮತ್ತೆ ನಡೆಯಬೇಕಾಯಿತು. "ಪಕ್ಕದಲ್ಲೇ ಅರವತ್ನಾಲ್ಕರಲ್ಲಿ ಒಂಬತ್ತು ಇತ್ತು. ಅಂಗಡಿಯವನು ಇದ್ದ. ಒಬ್ಬೊಬ್ರಾಗಿ ಎಲ್ಲಾರೂ ಇದ್ರು, ಅಚ್ಚಾಗಿ. ಮೊದಮೊದಲು ಅನ್ಕೊಂಡೆ, ಎಲ್ಲಾರೂ ನನ್ನ ಹಾಗೇ ತಪ್ಪು ಮಾಡ್ತಾರೆ, ಅದಕ್ಕೇ ಇದೆ ಅಂತ. ಆಮೇಲೆ ನಂಗೆ ಜ್ವರ ಬಂದಾಗ ಕೇಳಿದ್ದು ಬಂತು. ಹಾಸ್ಪತ್ರೆ ಕ್ಯೂ ಲೆಕ್ಕ. ಆ ಉತ್ತರ ಜ್ವರ ಇದ್ದೋರಿಗೆ ಮಾತ್ರ ಬರತ್ತೆ ರೀ. ಬೇರೆ ಯಾರಿಗೂ ಬರಲ್ಲ."

"ಅದು ಕೆಲಸ," ಅಂದ ಅವನು. ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದಿದ್ದ. "ನಿನ್ನ ತಪ್ಪುಗಳು ತುಂಬಾ ಸಹಜವಾಗಿ ಇರ್ತಿದ್ವು." ಇದನ್ನು ಹೊಗಳಿಕೆಯೆಂದು ಅವಳು ತೆಗೆದುಕೊಳ್ಳಬಹುದೇನೋ ಎಂದು ಒಂದು ಕ್ಷಣ ಆಸೆಪಟ್ಟ.

"ನೀವು ನನ್ನ ಜೊತೆ ಮಾತಾಡ್ತಿದೀರಿ ಅಂತ ತಿಳ್ಕೊಂಡಿದ್ದೆ," ಅಂದಳು ಅವಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಮನೆಗೆ ಬಂದ ಮೇಲೆ ಕೊಡೆ ಮರೆತದ್ದು ನೆನಪಾದವಳ ಹಾಗೆ ಹೇಳಿದಳು. ಆಗಲೂ ಅವನ ತಲೆ ತನ್ನ ದಾರಿ ಬಿಡಲಿಲ್ಲ. "ಹದಿನಾರಕ್ಕೇ ಗುರುತು ಹಾಕ್ದೆಯಾ?" ಅಂದ.

"ಇಲ್ಲ. ಒಂಬತ್ತು. ತಂಗಿ ಹೇಳಿಕೊಟ್ಟಿದ್ಲು. ಚೆಂಡಿನದೂ ಸರಿ ಮಾಡ್ದೆ. ಅಂಗಡಿಯದೂ."

ಎಂಥ ನಿರಾಳ. ಅವನಿಗೆ ರಸ್ತೆಯಲ್ಲೇ ಅವಳ ಕೈ ಹಿಡಿದುಕೊಳ್ಳಬೇಕು ಅನಿಸಿತು. ಪಾಪ ಮಾಡಿಯೂ ಪಾಪ ತಟ್ಟದೆ ಪಾರಾದವನ ಕೃತಜ್ಞತೆ ಅದು, ದೇವರ ಮೇಲೆ ಇದ್ದಕ್ಕಿದ್ದಂತೆ ಗೌರವ ಹುಟ್ಟಿತು. ಹಾಗಾದರೆ ಏನೂ ಆಗಿಲ್ಲ. ಅವಳು ಪಾಸಾಗುತ್ತಾಳೆ, ಗ್ರಂಥಾಲಯಕ್ಕೆ ಹೋಗುತ್ತಾಳೆ, ಇವನು ಉಪಮುಖ್ಯಸ್ಥನಾಗುತ್ತಾನೆ, ನಾಲ್ಕು ದಿನ ಮುನಿಸಿಕೊಂಡು ಐದನೇ ದಿನ ಮಾತಾಡುತ್ತಾಳೆ. "ನೋಡು, ನಾನು ಹೇಳಿರಲಿಲ್ವಾ, ಪೂರ್ತಿ ಓದು ಅಂತ," ಎಂದು ಉತ್ಸಾಹದಿಂದ ಅಂದ.

"ಅದಾದ್ಮೇಲೆ ಆಗಲಿಲ್ಲ," ಅಂದಳು. ನಿಲ್ದಾಣ ಬಂದಿತ್ತು. ಕಂಬಕ್ಕೆ ಒರಗಿ ನಿಂತಳು. "ಆಮೇಲೆ ಯಾವ ಲೆಕ್ಕ ಮಾಡಿದ್ರೂ, ಬಂದ ಉತ್ತರ ನೋಡಿದ್ರೆ, ಇದನ್ನೂ ಇವರೇ ಇಟ್ಟಿರ್ತಾರೆ ಅನ್ನಿಸೋದು. ನಂಗೆ ತೋಚಿದೆ ಅಂದ್ರೆ ತಪ್ಪೇ ಇರತ್ತೆ ಅಂತ. ಅದನ್ನ ಬಿಟ್ಟು ಬೇರೇದಕ್ಕೆ ಗುರುತು ಹಾಕ್ದೆ. ಕೊನೇವರೆಗೂ ಹಾಗೇ ಹಾಕ್ದೆ. ಒಂದು ಬಲ್ಬಿನ ಲೆಕ್ಕ ಇತ್ತು. ಹತ್ತು ಬಲ್ಬು, ಎರಡು ಕೆಟ್ಟಿದೆ, ಒಂದು ತೆಗೆದ್ರೆ ಒಳ್ಳೇದು ಬರೋ ಸಂಭವ ಎಷ್ಟು ಅಂತ. ಐದರಲ್ಲಿ ನಾಲ್ಕು. ನಂಗೆ ಅದು ಚೆನ್ನಾಗಿ ಗೊತ್ತು ರೀ. ಸರೀ ಅಂತಾನೂ ಗೊತ್ತಿತ್ತು. ಆದ್ರೂ ಕೈ ಹೋಗಲಿಲ್ಲ."

ಬಲ್ಬಿನ ಪ್ರಶ್ನೆ ಅವನದಲ್ಲ. ಯಾರೂ ಬರಿಗೈಯಲ್ಲಿ ಹೋಗಬಾರದೆಂದು ಪ್ರತಿ ಪೇಪರಿನಲ್ಲೂ ಒಂದೆರಡು ಹಾಗೆ ಇಡುತ್ತಾರೆ, ಅದಕ್ಕೆ ಬೇಕೆಂದೇ ಸತ್ತ ಗಾಳಗಳನ್ನೇ ಹಾಕುತ್ತಾರೆ, ಮಕ್ಕಳಿಗೂ ಬರುತ್ತದೆ. ಅದನ್ನು ಹೇಳಬೇಕೆಂದುಕೊಂಡ. ಇದರಿಂದ ಅವಳ ಕೊನೆಯ ಅವಕಾಶ ಹೋಯಿತು ಎಂದು ಅವನಿಗೆ ಅರ್ಥವಾಗಿತ್ತು, ಅದು ತನ್ನಿಂದ ಹೋಯಿತು ಎಂದೂ ಅರ್ಥವಾಗಿತ್ತು. ಆದರೆ ಅದರ ಜೊತೆಜೊತೆಗೇ, ಸರಿಯುತ್ತರ ಗೊತ್ತಿದ್ದೂ ಅದು ತನಗೆ ತೋಚಿದ್ದೆಂಬ ಒಂದೇ ಕಾರಣಕ್ಕೆ ಬಿಟ್ಟುಬಿಡುವ ಈ ತಪ್ಪನ್ನು ಇಷ್ಟು ವರ್ಷದಲ್ಲಿ ಎಲ್ಲಿಯೂ ಕಂಡಿಲ್ಲ ಎಂದು ಅವನಿಗೆ ಹೊಳೆಯಿತು. ಇದಕ್ಕೆ ಕಚೇರಿಯಲ್ಲಿ ಯಾರ ಹತ್ತಿರವೂ ಗಾಳವಿಲ್ಲ. ತಾನು ಒಂದು ಹೆಜ್ಜೆ ಹತ್ತಿರ ಹೋದದ್ದು, ತಲೆ ವಾಲಿಸಿದ್ದು ಅವನಿಗೆ ತಿಳಿಯಲಿಲ್ಲ. "ಮತ್ತೆ ಯಾವುದಕ್ಕೆ ಹಾಕ್ದೆ?" ಅಂದ, ಅಕ್ಕರೆಯಿಂದ. "ಯಾಕೆ ಅದಕ್ಕೇ ಹಾಕ್ದೆ?"

ಅವಳು ಅವನನ್ನು ನೋಡಿದಳು.

"ಅದೊಂದು ಹೇಳಲ್ಲ," ಅಂದಳು.

ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ, ಹಾಲ್ ಟಿಕೆಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಒಬ್ಬ ಹುಡುಗಿಯ ಪಕ್ಕ ಕೂತಳು. ಅವನಿಗೆ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ಅವರ ಹಿಂದೆಯೇ ನಿಂತ. ಸ್ವಲ್ಪ ದೂರ ಹೋದ ಮೇಲೆ ಹುಡುಗಿ ತಿರುಗಿ, "ಅಕ್ಕಾ, ನಿಮಗೆ ಆ ಬಲ್ಬಿಂದು ಎಷ್ಟು ಬಂತು?" ಅಂದಳು.

"ಐದರಲ್ಲಿ ನಾಲ್ಕು," ಅಂದಳು ಹೆಂಡತಿ.

"ನಂಗೂ ಅದೇ ಬಂತು. ಅಷ್ಟು ಸುಲಭ ಇರತ್ತಾ ಅಂತ ಭಯ ಆಗಿ ಎರಡು ಸಲ ಮಾಡ್ದೆ. ಸರಿ ಇರತ್ತೆ ಅಲ್ವಾ ಅಕ್ಕಾ?"

"ಸರೀನೇ ಇದೆ," ಅಂದಳು ಹೆಂಡತಿ, ಆ ಹುಡುಗಿಯ ಮಂಡಿಯ ಮೇಲೆ ಕೈಯಿಟ್ಟು. "ನಿಂಗೆ ಬಂದಿದ್ದೇ ಸರಿ. ಅನುಮಾನ ಪಡ್ಬೇಡ."